ಅಷೀಲನನ್ನು ತೂಗಿದ ವರ್ಷ

ವೆರ್ಜೆಲ್ ಊರಿನಲ್ಲಿ ಅಷೀಲ್ ಮೊರಾಂದಾ ಯಾರು ಎಂದು ಕೇಳಿದರೆ ಜನ ಒಂದು ಕ್ಷಣ ಯೋಚನೆ ಮಾಡುತ್ತಿದ್ದರು. ಪೀಪಾಯಿ ಅಷೀಲ್ ಎಂದರೆ ಮಾತ್ರ ಮನೆ ತೋರಿಸುತ್ತಿದ್ದರು. ಅವನು ವೈನ್ ತುಂಬುವ ಓಕ್ ಮರದ ಪೀಪಾಯಿಗಳನ್ನು ಮಾಡುತ್ತಿದ್ದ ಎಂಬುದು ಆ ಹೆಸರಿಗೆ ಅರ್ಧ ಕಾರಣ. ಉಳಿದರ್ಧ ಕಾರಣ ಅವನನ್ನು ಕಣ್ಣಾರೆ ಕಂಡವರಿಗೆ ಹೇಳಬೇಕಾಗಿರಲಿಲ್ಲ. ಬಾಗಿಲಗಲದ ಭುಜ, ಭುಜಕ್ಕಿಂತ ಮೊದಲೇ ಒಳಗೆ ಬರುವ ಹೊಟ್ಟೆ, ತೊಲೆಯಂಥ ತೊಡೆ. ಇಂಥ ಆಸಾಮಿ ಭಾನುವಾರ ಬೆಳಿಗ್ಗೆ ಮೈಗಂಟುವ ಹಳದಿ ಬನಿಯನ್ ತೊಟ್ಟು, ಬೆರಳು ದಪ್ಪದ ಟೈರಿನ ರೇಸ್ ಸೈಕಲ್ ಏರಿ ದ್ರಾಕ್ಷಿ ತೋಟಗಳ ನಡುವಿನ ರಸ್ತೆ ಹಿಡಿದರೆ, ಬಳ್ಳಿ ಕತ್ತರಿಸುತ್ತಿದ್ದವರು ಬೆನ್ನು ನೆಟ್ಟಗೆ ಮಾಡಿ ನಿಂತು ನೋಡುತ್ತಿದ್ದರು.

"ಸೈಕಲ್ಲು ಹೆಂಗಿದೆ ಅಷೀಲ್, ಆರೋಗ್ಯವಾಗಿದೆಯಾ?" ಎಂದು ಕೂಗುತ್ತಿದ್ದರು.

"ನನಗಿಂತ ಚೆನ್ನಾಗಿದೆ! ಅದು ಬೆಳಗಿನ ತಿಂಡಿ ತಿನ್ನಲ್ಲ!" ಎಂದು ಅವನು ಉತ್ತರ ಕೊಡುವ ಹೊತ್ತಿಗೆ ಉಸಿರು ಸಾಲದೆ ಕೊನೆಯ ಮಾತು ಮೀಸೆಯೊಳಗೇ ಉಳಿಯುತ್ತಿತ್ತು.

ಸೈಕಲ್ಲಿನ ಹುಚ್ಚು ಅವನಿಗೆ ಹಿಡಿದದ್ದು ಚಿಕ್ಕಂದಿನಲ್ಲಿ, ಅದೂ ಇಳಿಜಾರಿನಿಂದ. ಅವನ ಅಪ್ಪನೂ ಪೀಪಾಯಿ ಮಾಡುವವನೇ. ಊರಿನ ಹಿಂದಿನ ಬೆಟ್ಟದ ತುದಿಯಲ್ಲಿ ಒಂದು ಪುಟ್ಟ ಇಗರ್ಜಿ. ಅದರ ಆಚೆ ಮಗ್ಗುಲಲ್ಲಿ ಮೂರು ನಾಲ್ಕು ಒಕ್ಕಲು ಮನೆಗಳು, ಅವರವರ ವೈನ್ ನೆಲಮಾಳಿಗೆಗಳು. ಸೋರುವ ಪೀಪಾಯಿಗಳನ್ನು ಅಲ್ಲಿಂದ ತರುವುದು, ರಿಪೇರಿ ಆದಮೇಲೆ ಮುಟ್ಟಿಸುವುದು ಹುಡುಗನ ಕೆಲಸ. ಸೈಕಲ್ಲಿನ ಹಿಂದೆ ಎರಡು ಗಾಲಿಯ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದ. ಹತ್ತುವಾಗ ನೂಕಿಕೊಂಡೇ ನಡೆಯುತ್ತಿದ್ದ. ಬೆಟ್ಟದ ಹಿಂದಿನ ಕಾಡುದಾರಿಯಿಂದ ಸುತ್ತಿಕೊಂಡು ಊರಿಗೆ ಇಳಿಯುವಾಗ ಮಾತ್ರ ಸೀಟಿನ ಮೇಲೆ ಕೂರುತ್ತಿದ್ದ. ಆಗ ಹಿಂದಿನ ಗಾಡಿ ಅವನನ್ನು ಮುಂದಕ್ಕೆ ದೂಡುತ್ತಿತ್ತು, ಖಾಲಿ ಪೀಪಾಯಿಗಳು ಡೊಳ್ಳಿನಂತೆ ಸದ್ದು ಮಾಡುತ್ತಿದ್ದವು, ಎರಡೂ ಬದಿಯ ದ್ರಾಕ್ಷಿ ಸಾಲುಗಳು ಬೀಸಣಿಗೆ ಮಡಚಿದಂತೆ ಸರಸರ ಹಿಂದೆ ಸರಿಯುತ್ತಿದ್ದವು. ಹುಡುಗ ಬಾಯಿ ತೆರೆದು ನಗುತ್ತಾ ಇಳಿದರೆ ಹಲ್ಲಿಗೆ ಸಣ್ಣ ಹುಳುಗಳು ಬಂದು ಬಡಿಯುತ್ತಿದ್ದವು.

ಒಂದು ದಿನ ತಿರುವಿನಲ್ಲಿ ಗಾಡಿ ಮಗುಚಿ, ತುಟಿ ಒಡೆದುಕೊಂಡು ಮನೆಗೆ ಬಂದ. ಅಪ್ಪ ಸುತ್ತಿಗೆ ಕೆಳಗಿಟ್ಟು ಕೇಳಿದ:

"ಪೀಪಾಯಿ ಏನಾದ್ರೂ ಒಡೀತೇನೋ?"

"ಇಲ್ಲಪ್ಪ."

"ಹಲ್ಲು?"

"ಒಂದೇ ಒಂದು."

"ಹಂಗಾದ್ರೆ ಹೋಗು, ಮುಖ ತೊಳ್ಕೋ. ಪೀಪಾಯಿ ಒಡೆದಿದ್ರೆ ಆಗ ಮಾತಾಡ್ತಿದ್ದೆ."

ಅಂದಿನಿಂದ ಅಷೀಲ್ ಆ ಇಳಿಜಾರಿನ ಒಂದೊಂದು ತಿರುವನ್ನೂ ಅಂಗೈ ಗೆರೆಯಂತೆ ನೋಡಿಟ್ಟುಕೊಂಡ.

ದೊಡ್ಡವನಾಗಿ ಕೆಲಸ ವಹಿಸಿಕೊಂಡ ಮೇಲೆ ಊರಿನ ಸೈಕಲ್ ಸಂಘಕ್ಕೆ ಸೇರಿದ. ಅಲ್ಲಿ ಅವನ ಶಾಲೆಯ ಗೆಳೆಯ ಫ್ಲಾವಿಯನ್ ಇದ್ದ. ಫ್ಲಾವಿಯನ್ ಡೆಸ್ರೋಷ್ ಬೆಟ್ಟದ ಮಗ್ಗುಲಿನಲ್ಲಿ ದ್ರಾಕ್ಷಿ ಬೆಳೆಯುವವನು. ಬಳ್ಳಿ ಹಬ್ಬಿಸುವ ತಂತಿಯಂಥ ಮೈ, ಏರುದಾರಿ ಕಂಡರೆ ಆಡಿನ ಮರಿಯಂಥ ಕಾಲು. ಭಾನುವಾರದ ಸವಾರಿಯಲ್ಲಿ ಅವನು ಸದಾ ಮೊದಲು, ಅಷೀಲ್ ಸದಾ ಕೊನೆ. ಮೊದಮೊದಲು ಸಂಘದವರು ಬೆಟ್ಟದ ತುದಿಯಲ್ಲಿ ಅವನಿಗಾಗಿ ಕಾಯುತ್ತಿದ್ದರು. ಆಮೇಲೆ ಇಳಿದು ಹೋಗಿ ಕಾಫಿ ಅಂಗಡಿಯಲ್ಲಿ ಕಾದರು. ಆಮೇಲಾಮೇಲೆ ಅವನು ಬರುವ ಹೊತ್ತಿಗೆ ಊಟವೇ ಮುಗಿದು, ತಟ್ಟೆಯಲ್ಲಿ ರೊಟ್ಟಿಯ ಚೂರು ಉಳಿದಿರುತ್ತಿತ್ತು. ಅಷೀಲನಿಗೆ ಅದರಿಂದ ಬೇಜಾರೇನೂ ಆಗಲಿಲ್ಲ. ಬನಿಯನ್ನಿನ ಹಿಂದಿನ ಜೇಬುಗಳಲ್ಲಿ ಒಣ ಸಾಸೇಜು, ಒಂದು ತುಂಡು ರೊಟ್ಟಿ, ಚಾಕು ಇಟ್ಟುಕೊಂಡು ಬರತೊಡಗಿದ. ಆ ಸಾಸೇಜಿನ ಸುದ್ದಿ ಹಬ್ಬಿದ ಮೇಲೆ, ಕೆಲವು ಭಾನುವಾರ ಬೇಕೆಂದೇ ಹಿಂದೆ ಉಳಿಯುವವರೂ ಹುಟ್ಟಿಕೊಂಡರು.

ಕೊನೆಯಲ್ಲಿ ಬರುವುದರ ದೊಡ್ಡ ಲಾಭ ಮಾತ್ರ ಅವನೊಬ್ಬನಿಗೇ ದಕ್ಕಿತು. ಇಗರ್ಜಿ ಬೆಟ್ಟದ ಏರು ಅರ್ಧ ಹತ್ತಿದ ಮೇಲೆ ರಸ್ತೆಗೆ ಅಂಟಿಕೊಂಡು ಒಂದು ಆಡಿನ ಕೊಟ್ಟಿಗೆ ಇತ್ತು, ಮುಂದೆ ಕಲ್ಲಿನ ತೊಟ್ಟಿ, ತೊಟ್ಟಿಗೆ ಸದಾ ಬೀಳುವ ಊಟೆಯ ನೀರು. ಅಷ್ಟು ಹೊತ್ತಿಗೆ ಅಷೀಲನ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಇಳಿದು ತಲೆಯನ್ನೇ ತೊಟ್ಟಿಯೊಳಗೆ ಅದ್ದುತ್ತಿದ್ದ. ಒಂದು ಭಾನುವಾರ ತಲೆ ಎತ್ತಿದಾಗ ಎದುರಿಗೆ ಹಾಲಿನ ಬಕೆಟ್ ಹಿಡಿದ ಹುಡುಗಿ ನಿಂತಿದ್ದಳು. ಆ ಮನೆಯ ಮಗಳು, ಲೆಯೋನಿ.

"ಮಿಕ್ಕೋರೆಲ್ಲ ತಲೆ ತಗ್ಗಿಸ್ಕೊಂಡು ಹೋಗೇ ಬಿಡ್ತಾರೆ. ನೀನೊಬ್ಬ ಯಾಕೆ ಪ್ರತಿ ವಾರ ಇಲ್ಲೇ ನಿಲ್ತೀಯಾ?" ಎಂದಳು.

"ಅವರಿಗೆ ಪುರುಸೊತ್ತಿಲ್ಲ," ಎಂದ ಅಷೀಲ್. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. "ನನಗೆ ಉಸಿರಿಲ್ಲ."

ಅವಳು ನಕ್ಕುಬಿಟ್ಟಳು. ಒಳಗೆ ಹೋಗಿ ಆಗ ತಾನೇ ಉಪ್ಪು ಹಾಕಿದ್ದ ಆಡಿನ ಹಾಲಿನ ಚೀಸ್ ತಂದುಕೊಟ್ಟಳು. ಅವನು ಸಾಸೇಜು ಕೊಯ್ದುಕೊಟ್ಟ. ದ್ರಾಕ್ಷಿ ಹೂ ಬಿಡುವ ಕಾಲಕ್ಕೆ ಅಷೀಲ್ ಉಸಿರು ಕಟ್ಟದಿದ್ದರೂ ಅಲ್ಲಿ ನಿಲ್ಲುತ್ತಿದ್ದ. ಕಾಯಿ ಬಣ್ಣ ತಿರುಗುವ ಕಾಲಕ್ಕೆ ಭಾನುವಾರ ಅಲ್ಲದ ದಿನವೂ ನಿಲ್ಲುತ್ತಿದ್ದ. ಮದುವೆಯ ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ದಂಗಾದವನು ಫ್ಲಾವಿಯನ್.

"ಆ ಮನೆ ಮುಂದೆ ನಾನು ಎಷ್ಟು ವರ್ಷದಿಂದ ಹೋಗ್ತಾ ಇದೀನೋ! ಅಲ್ಲಿ ಹುಡುಗಿ ಇದಾಳೆ ಅಂತ ನನಗೆ ಗೊತ್ತೇ ಇರ್ಲಿಲ್ವಲ್ಲೋ!"

"ಗಡಿಯಾರ ನೋಡ್ತಾ ಹೋಗೋನಿಗೆ ಹುಡುಗಿ ಎಲ್ಲಿ ಕಾಣ್ತಾಳೆ?" ಎಂದಳು ಲೆಯೋನಿ, ಅಷೀಲ್ ಬಾಯಿ ತೆರೆಯುವ ಮೊದಲೇ.

ಹೀಗೆ ಸುಖವಾಗಿ ಕೊನೆಯಲ್ಲೇ ಇದ್ದುಬಿಡಬಹುದಾಗಿದ್ದ ಮನುಷ್ಯ ಅವನು. ಆದರೆ ಊರಿನಲ್ಲಿ ಒಂದು ಪಂದ್ಯ ಇತ್ತು. ದ್ರಾಕ್ಷಿ ಕೊಯ್ಲು ಮುಗಿದ ಮೇಲಿನ ಭಾನುವಾರ ನಡೆಯುವ ಆ ಸೈಕಲ್ ಪಂದ್ಯದಲ್ಲಿ ಕಪ್ಪಿಲ್ಲ, ಪದಕ ಇಲ್ಲ. ಗೆದ್ದವನನ್ನು ಚೌಕದಲ್ಲಿ ತೂಗಿ ಅವನ ತೂಕದಷ್ಟು ವೈನ್ ಬಾಟಲಿ ಕೊಡುವುದು. ತಕ್ಕಡಿಯನ್ನು ಮಾಡಿಕೊಟ್ಟವನು ಅಷೀಲನೇ: ಉದ್ದನೆಯ ಓಕ್ ತೊಲೆ, ಅದರ ಎರಡು ತುದಿಗೆ ಅರ್ಧಕ್ಕೆ ಕೊಯ್ದ ಎರಡು ಪೀಪಾಯಿ. ಒಂದರಲ್ಲಿ ಗೆದ್ದವನು ಕೂರಬೇಕು, ಇನ್ನೊಂದರಲ್ಲಿ ಬಾಟಲಿ ಜೋಡಿಸಬೇಕು. ಪಂದ್ಯದ ಗುರಿ ಬೆಟ್ಟದ ತುದಿಯ ಇಗರ್ಜಿ. ಹಾಗಾಗಿ ಗೆಲ್ಲುವವನು ಸಾಮಾನ್ಯವಾಗಿ ಫ್ಲಾವಿಯನ್, ಅವನಲ್ಲದಿದ್ದರೆ ಅವನಂಥದೇ ಇನ್ನೊಂದು ಕಡ್ಡಿ. ಕಾಫಿ ಅಂಗಡಿಯ ಒಡತಿ, ಪಂದ್ಯದ ಅಧ್ಯಕ್ಷೆ ಮದಾಂ ಕೊರ್ದಿಯೆಗೆ ಇದು ಬಹಳ ಹಿಡಿಸಿತ್ತು. ಬಾಟಲಿ ಒಟ್ಟು ಮಾಡಲು ಮನೆ ಮನೆ ತಿರುಗುವವಳು ಅವಳು.

"ದೇವರು ನಮ್ಮ ಫ್ಲಾವಿಯನ್ನನ್ನ ಹಿಂಗೇ ಒಣಗಿಸಿ ಇಟ್ಟಿರಲಿ," ಎನ್ನುತ್ತಿದ್ದಳು.

ಅಷೀಲನಿಗೆ ನಲವತ್ತು ದಾಟಿದ ಮೇಲಿನ ಒಂದು ವರ್ಷ, ಇಗರ್ಜಿಗೆ ಹೋಗುವ ರಸ್ತೆಯನ್ನು ನೀರಿನ ಕೊಳಾಯಿ ಹಾಕಲು ಅಗೆದು ಹಾಕಿದರು. ಕೊಯ್ಲು ಮುಗಿಯಿತು, ರಸ್ತೆ ಮುಗಿಯಲಿಲ್ಲ. ಕಾಫಿ ಅಂಗಡಿಯಲ್ಲಿ ಸಭೆ ಸೇರಿತು. ಬೆಟ್ಟದ ಹಿಂದಿನ ಕಾಡುದಾರಿಯಿಂದ ಹತ್ತಿ, ಅದೇ ದಾರಿಯಲ್ಲಿ ತುದಿ ಸುತ್ತಿ, ದ್ರಾಕ್ಷಿ ತೋಟಗಳ ಇಳಿಜಾರಿನಲ್ಲಿ ಇಳಿದು ಊರ ಚೌಕದಲ್ಲಿ ಪಂದ್ಯ ಮುಗಿಸುವುದು ಎಂದಾಯಿತು.

"ಅದನ್ನ ಪಂದ್ಯ ಅಂತಾರಾ?" ಫ್ಲಾವಿಯನ್ ಮೇಜು ಗುದ್ದಿದ. "ಅದು ಬೀಳೋದು! ಬೀಳಕ್ಕೆ ಕಾಲು ಯಾಕೆ ಬೇಕು?"

ಮೂಲೆಯಲ್ಲಿ ಕೂತಿದ್ದ ಅಷೀಲನ ಕೈಯಲ್ಲಿದ್ದ ಲೋಟ ಬಾಯಿಗೂ ಹೋಗದೆ ಮೇಜಿಗೂ ಇಳಿಯದೆ ಅಲ್ಲೇ ನಿಂತಿತ್ತು. ಲೆಯೋನಿ ಅದನ್ನು ನೋಡಿದಳು. ಮನೆಗೆ ನಡೆಯುವಾಗ ಕೇಳಿದಳು:

"ಏನೋ ದಪ್ಪಣ್ಣ, ತಲೇಲಿ ಏನೋ ಉರುಳ್ತಾ ಇದೆ?"

"ಇಳಿಯೋದ್ರಲ್ಲಿ ನನ್ನನ್ನ ಯಾರೂ ಹಿಡಿಯಕ್ಕಾಗಲ್ಲ ಲೆಯೋನಿ."

"ಅದು ಸರಿ. ಇಳಿಯಕ್ಕೆ ಮುಂಚೆ ಹತ್ತಬೇಕಲ್ಲ?"

"ಅದೇ ಯೋಚನೆ. ಹತ್ತೋವಾಗ ತುಂಬಾ ಹಿಂದೆ ಬೀಳಬಾರ್ದು, ಅಷ್ಟೇ. ಸ್ವಲ್ಪ ತೂಕ ಇಳಿಸ್ಲಾ?"

ಲೆಯೋನಿ ರಸ್ತೆಯ ನಡುವೆ ನಿಂತುಬಿಟ್ಟಳು. "ನಿನಗೇನು ಬುದ್ಧಿ ಕೆಟ್ಟಿದೆಯಾ? ತೂಕಕ್ಕೆ ತಾನೇ ಬಹುಮಾನ! ಹೊಟ್ಟೆ ಮುಟ್ಟಬೇಡ. ಕಾಲು ನೋಡ್ಕೋ."

ಮರುದಿನದಿಂದ ಊರಿಗೆ ಉಚಿತ ಮನರಂಜನೆ ಶುರುವಾಯಿತು. ಬೆಳಿಗ್ಗೆ ಕಾಡುದಾರಿಯಲ್ಲಿ ಮುಂದೆ ಅಷೀಲ್ ಸೈಕಲ್ ತುಳಿಯುತ್ತಿದ್ದ. ಹಿಂದೆ ಹಳೆಯ ಮೊಪೆಡ್ಡಿನ ಮೇಲೆ ಲೆಯೋನಿ, ತಲೆಗೆ ಬಟ್ಟೆ ಕಟ್ಟಿಕೊಂಡು, ಆಡು ಕೂಗಿ ಕೂಗಿ ಪಳಗಿದ ಗಂಟಲಿನಲ್ಲಿ ಕೂಗುತ್ತಿದ್ದಳು.

"ನಿಲ್ಲಬೇಡ! ನಿಂತ್ರೆ ಮೊಪೆಡ್ ಹತ್ತಿಸ್ತೀನಿ!"

"ನೀರು... ಒಂದು ಗುಟುಕು..."

"ನೀರು ಕೊಟ್ಟೇ ನಿನ್ನನ್ನ ಕಟ್ಟಿಕೊಂಡಿದ್ದು, ಸಾಕು ಅದು! ತುಳಿ!"

ಅಷೀಲನಿಗೆ ನಗು ಬಂದರೆ ಉಸಿರು ತಪ್ಪುತ್ತಿತ್ತು, ಉಸಿರು ತಪ್ಪಿದರೆ ಸೈಕಲ್ ಅಡ್ಡಾದಿಡ್ಡಿ ಹೋಗುತ್ತಿತ್ತು. ಒಮ್ಮೆ ಇಬ್ಬರೂ ನಗುತ್ತಾ ಚರಂಡಿಗೆ ಬಿದ್ದರು. ಆದರೂ ಕೊಯ್ಲಿನವರು ಕೊನೆಯ ಸಾಲು ಕೊಯ್ಯುವ ಹೊತ್ತಿಗೆ ಅವನು ಎಲ್ಲೂ ಇಳಿಯದೆ, ತೊಟ್ಟಿ ಹುಡುಕದೆ ತುದಿ ಮುಟ್ಟುತ್ತಿದ್ದ. ತುದಿ ಮುಟ್ಟಿದ ಮೊದಲ ದಿನ ಸೈಕಲ್ಲಿನಿಂದ ಇಳಿಯದೆ ಹ್ಯಾಂಡಲ್ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದ. ಲೆಯೋನಿ ಅವನ ಬೆನ್ನಿನ ಬೆವರು ಒರೆಸಿದಳು.

ಪಂದ್ಯದ ದಿನ ಬೆಳಕು ಜೇನಿನಂತಿತ್ತು. ದ್ರಾಕ್ಷಿ ಎಲೆಗಳು ಅರಿಸಿನ ಬಣ್ಣಕ್ಕೆ ತಿರುಗಿದ್ದವು, ಊರ ತುಂಬ ಹುಳಿಯುತ್ತಿರುವ ರಸದ ವಾಸನೆ. ಚೌಕದಲ್ಲಿ ಉದ್ದನೆಯ ಮೇಜುಗಳು, ಬಿಳಿ ಬಟ್ಟೆ, ಚೀಸ್ ಹಾಕಿ ಸುಟ್ಟ ಗುಗೇರ್ ಉಂಡೆಗಳ ಬುಟ್ಟಿ. ಒಂದು ಪಕ್ಕಕ್ಕೆ ತಕ್ಕಡಿ. ಅದರ ಬಳಿ ಮದಾಂ ಕೊರ್ದಿಯೆ ಫ್ಲಾವಿಯನ್ನನ ಅಳತೆಗೆ ತಕ್ಕಂತೆ ಜೋಡಿಸಿಟ್ಟ ಬಾಟಲಿಗಳು.

ಏರಿನಲ್ಲಿ ಎಲ್ಲ ಅಂದುಕೊಂಡಂತೆಯೇ ಆಯಿತು. ಫ್ಲಾವಿಯನ್ ಮೊದಲ ತಿರುವಿನಲ್ಲೇ ಕಣ್ಮರೆಯಾದ. ಉಳಿದವರು ಒಬ್ಬೊಬ್ಬರಾಗಿ ಅಷೀಲನನ್ನು ದಾಟುತ್ತಾ "ಸಾಸೇಜು ತಂದಿದೀಯಾ ಅಷೀಲ್?" ಎಂದು ಕೇಳಿಕೊಂಡು ಹೋದರು. ಅವನು ಕಣ್ಣನ್ನು ರಸ್ತೆಯ ಮೇಲಿಟ್ಟು, ಲೆಯೋನಿಯ ಮೊಪೆಡ್ಡು ಬೆನ್ನ ಹಿಂದೆಯೇ ಗುರುಗುಡುತ್ತಿದೆ ಎಂದುಕೊಂಡು ತುಳಿದ. ನಿಜವಾದ ಲೆಯೋನಿ ತುದಿಯಲ್ಲಿ ಹಳೆಯ ಪೇಪರು ಹಿಡಿದು ಕಾಯುತ್ತಿದ್ದಳು. ಬೆವೆತ ಎದೆಗೆ ಇಳಿಜಾರಿನ ಗಾಳಿ ತಾಕದಿರಲೆಂದು ಸವಾರರು ಬನಿಯನ್ನಿನೊಳಗೆ ಪೇಪರು ತುರುಕಿಕೊಳ್ಳುವುದು ರೂಢಿ.

"ಫ್ಲಾವಿಯನ್ ಎಷ್ಟು ಮುಂದಿದಾನೆ?" ಎಂದ ಅವನು, ಪೇಪರು ತುರುಕಿಕೊಳ್ಳುತ್ತಾ.

"ಆ ಕೆಂಪು ಛಾವಣಿ ಹತ್ರ ಈಗ ತಾನೆ ಕಂಡ. ಏನೂ ದೂರ ಇಲ್ಲ. ಹೋಗೋ, ಬೀಳು!"

ಅಷೀಲ್ ಬಿದ್ದ. ಬೇರೆ ಮಾತು ಅದಕ್ಕೆ ಒಪ್ಪುವುದಿಲ್ಲ. ಹ್ಯಾಂಡಲ್ಲಿನ ಮೇಲೆ ಹೊಟ್ಟೆ ಊರಿ, ಮೊಣಕೈ ಒಳಗೆ ಎಳೆದುಕೊಂಡು, ಬ್ರೇಕಿನಿಂದ ಬೆರಳು ತೆಗೆದುಬಿಟ್ಟ. ಗಾಳಿ ಕಿವಿಯಲ್ಲಿ ಸಿಳ್ಳು ಹಾಕಿತು, ಎದೆಯ ಪೇಪರು ಪಟಪಟ ಬಡಿದುಕೊಂಡಿತು. ಮೊದಲ ತಿರುವಿನಲ್ಲಿ ಇಬ್ಬರನ್ನು ದಾಟಿದ. ಆಕ್ರೋಟ ಮರದ ತಿರುವಿನಲ್ಲಿ ಇನ್ನೊಂದು ಗುಂಪನ್ನೇ. "ಅಯ್ಯೋ, ಅದೇನು ಹೋಗಿದ್ದು?" ಎಂದು ಯಾರೋ ಕೂಗಿದ್ದು ಬಾಲದಂತೆ ಹಿಂದೆಯೇ ಉಳಿಯಿತು. ಅವನಿಗೆ ಭಯ ಆಗಲಿಲ್ಲ. ಗಾಡಿ ಕಟ್ಟಿಕೊಂಡು ಇಳಿಯುತ್ತಿದ್ದ ಆ ಹುಡುಗನ ನಗು ಎಲ್ಲಿತ್ತೋ, ಬಾಯಿ ತುಂಬಿಕೊಂಡು ಬಂತು.

ಊರು ಹತ್ತಿರವಾಗುವ ಕಡೆ ಬಟ್ಟೆ ಒಗೆಯುವ ಹಳೆಯ ಕೊಳ, ಅಲ್ಲಿ ರಸ್ತೆ ಚೂಪಾಗಿ ಬಲಕ್ಕೆ ತಿರುಗುತ್ತದೆ. ಟ್ರಾಕ್ಟರುಗಳಿಂದ ಚೆಲ್ಲಿದ ದ್ರಾಕ್ಷಿ ಅರೆದುಹೋಗಿ ತಿರುವೆಲ್ಲ ಜಾರುತ್ತಿತ್ತು. ಮುಂದಿದ್ದ ಫ್ಲಾವಿಯನ್ ಬ್ರೇಕು ಹಿಡಿದು ಬೆಕ್ಕಿನಂತೆ ಮೆಲ್ಲಗೆ ತಿರುಗುತ್ತಿದ್ದ. ಹೊರ ಅಂಚಿನಲ್ಲಿ ಕೊಳದ ಗೋಡೆಗೆ ತಾಗಿಕೊಂಡು ಒಂದು ಕೈಯಗಲ ಕಲ್ಲು ಹಾಸಿದೆ, ಅಲ್ಲಿ ಟ್ರಾಕ್ಟರ್ ಗಾಲಿ ಹೋಗುವುದಿಲ್ಲ, ಅದು ಒಣಗಿರುತ್ತದೆ. ಅಷೀಲ್ ಆ ಕಲ್ಲಿನ ಮೇಲೆ ಹೋದ.

"ಪಕ್ಕಕ್ಕೆ ಸರಿಯೋ ಫ್ಲಾವಿಯನ್!"

"ಯಾರದು? ಅಷೀಲ್? ನೀನಾ!"

ಅದರ ಮುಂದೆ ಚೌಕದವರೆಗೆ ಸಮತಟ್ಟಾದ ರಸ್ತೆ. ಹಿಂದೆ ಬಿದ್ದ ಫ್ಲಾವಿಯನ್ ಸೀಟಿನಿಂದ ಎದ್ದು ನಿಂತು ತುಳಿದ. ಅಷೀಲನ ಕಿವಿಗೆ ಅವನ ಉಸಿರು ಕೇಳಿಸುವಷ್ಟು ಹತ್ತಿರ ಬಂದ, ಪಕ್ಕಕ್ಕೆ ಬಂದ, ಮುಂದಿನ ಗಾಲಿಗಳು ಸಮಸಮ ಆದವು. ಅಷೀಲನ ತೊಡೆ ಉರಿಯುತ್ತಿತ್ತು. ಇನ್ನು ಆಗುವುದಿಲ್ಲ ಅನಿಸಿತು. ಅಷ್ಟರಲ್ಲಿ ಬಿಳಿ ಗೆರೆ ಕಂಡಿತು. ಮುಖವನ್ನು ಹ್ಯಾಂಡಲ್ಲಿಗೆ ಒತ್ತಿ, ಇದ್ದಬದ್ದ ಮೈಯನ್ನೆಲ್ಲ ಮುಂದಕ್ಕೆ ಎಸೆದ. ಒಂದು ಗಾಲಿಯಷ್ಟು ಅಂತರದಲ್ಲಿ ಗೆದ್ದ.

ಗೆದ್ದ, ಆದರೆ ನಿಲ್ಲಲಿಲ್ಲ. ಅಷ್ಟು ಭಾರ ಅಷ್ಟು ಬೇಗ ನಿಲ್ಲುವಂಥದಲ್ಲ. ಮೇಜುಗಳ ಕಡೆಗೆ ಹೋಗುತ್ತಿದ್ದ ಸೈಕಲ್ಲನ್ನು ಹೇಗೋ ಎಡಕ್ಕೆ ತಿರುಗಿಸಿದ. ಎಡಕ್ಕೆ ವೈನ್ ಹಿಂಡುವ ಮನೆ, ಅದರ ಮುಂದೆ ರಸ ಹಿಂಡಿ ಆಳೆತ್ತರ ಸುರಿದಿದ್ದ ದ್ರಾಕ್ಷಿ ಚರಟದ ರಾಶಿ. ಸೈಕಲ್ ರಾಶಿಯ ಬುಡದಲ್ಲಿ ನಿಂತಿತು, ಅಷೀಲ್ ರಾಶಿಯ ನಡುವೆ ನಿಂತ. ಆಮೇಲೆ ರಾಶಿಯೊಳಗಿಂದ ನೇರಳೆ ಬಣ್ಣದ ಒಂದು ತಲೆ ಮೇಲೆದ್ದಿತು, ಮೀಸೆಯ ತುಂಬ ಬೀಜ.

"ಗೆದ್ನಾ?" ಎಂದಿತು ಆ ತಲೆ.

ಆಮೇಲೆ ಎದ್ದ ಗದ್ದಲಕ್ಕೆ ಚೌಕದ ಪಾರಿವಾಳಗಳೆಲ್ಲ ಹಾರಿಹೋದವು. ಜನ ಅವನನ್ನು ಎಳೆದು ತಕ್ಕಡಿಯ ಕಡೆಗೆ ಕರೆತಂದರು. ಮದಾಂ ಕೊರ್ದಿಯೆ ಎರಡೂ ಕೈ ಚಾಚಿ ಅಡ್ಡ ನಿಂತಳು.

"ಚರಟದ ಸಮೇತ ತೂಗಕ್ಕೆ ನಾನು ಬಿಡಲ್ಲ! ಮೊದಲು ತೊಳೀರಿ ಇವನನ್ನ!"

ಫ್ಲಾವಿಯನ್ನನೇ ಬಕೆಟ್ ತಂದು ಗೆಳೆಯನ ತಲೆಯ ಮೇಲೆ ನೀರು ಸುರಿದ, ಬೇಕಾದ್ದಕ್ಕಿಂತ ಎರಡು ಬಕೆಟ್ ಹೆಚ್ಚಾಗಿಯೇ. ತೊಳೆದ ಅಷೀಲ್ ಅರ್ಧ ಪೀಪಾಯಿಯೊಳಗೆ ಕೂತ. ತಾನೇ ಕೊಯ್ದು ನುಣುಪು ಮಾಡಿದ್ದ ಹಲಗೆ. ಒಳಗೆ ಕೂತದ್ದು ಇದೇ ಮೊದಲು. ತೊಲೆ ನರಳಿ ಅವನ ಕಡೆ ನೆಲ ಮುಟ್ಟಿತು. ಎದುರು ತುದಿಯಲ್ಲಿ ಬಾಟಲಿ ಜೋಡಿಸತೊಡಗಿದರು. ಇದ್ದದ್ದೆಲ್ಲ ಇಟ್ಟರೂ ತೊಲೆ ಅಲುಗಾಡಲಿಲ್ಲ. ಇನ್ನು ಬಾಟಲಿ ಇರಲಿಲ್ಲ.

"ಈ ಮನುಷ್ಯ ಏನನ್ನ ತಿಂತಾನೆ ಲೆಯೋನಿ?" ಎಂದಳು ಅಧ್ಯಕ್ಷೆ ಹಣೆ ಒತ್ತಿಕೊಂಡು.

"ಏನು ಕೊಟ್ರೂ ತಿಂತಾನೆ ಮದಾಂ. ಒಳ್ಳೆಯವನು."

ಎಲ್ಲರೂ ನಗುತ್ತಿರುವಾಗ ಅಷೀಲನಿಗೆ ನಾಚಿಕೆಯಾಯಿತು. "ಸಾಕು ಬಿಡಿ, ಇಷ್ಟೇ ಸಾಕು, ನಾನು ಇಳೀತೀನಿ," ಎಂದು ಏಳಲು ಹೊರಟ. ಆಗ ಫ್ಲಾವಿಯನ್ ಅವನ ಭುಜ ಒತ್ತಿ ಕೂರಿಸಿದ.

"ಕೂತ್ಕೋ. ನನ್ನನ್ನ ಸೋಲಿಸಿದೋನನ್ನ ಅರ್ಧಂಬರ್ಧ ತೂಗಿದ್ರು ಅಂತ ಆಗಬಾರ್ದು."

ಹಾಗೆಂದು ತನ್ನ ಮನೆಯ ಕಡೆ ಓಡಿದ. ಬರುವಾಗ ಅವನ ಕಂಕುಳಲ್ಲಿ ಅವನ ಮಗಳು ಹುಟ್ಟಿದ ವರ್ಷದ ವೈನ್ ಬಾಟಲಿಗಳಿದ್ದವು, ಮೇಲೆ ಬೂದಿಯಂತೆ ಧೂಳು. ಅದನ್ನು ನೋಡಿ ಪಕ್ಕದ ಮನೆಯವನು ತನ್ನ ನೆಲಮಾಳಿಗೆಗೆ ಇಳಿದ. ಫ್ಲಾವಿಯನ್ ತಂದದ್ದಕ್ಕಿಂತ ತನ್ನದು ಹಳೆಯದು ಎಂದು ತೋರಿಸಬೇಡವೇ? ಅವನನ್ನು ನೋಡಿ ಇನ್ನೊಬ್ಬ. ಯಾವ ಮದುವೆಗೂ ಹೊರಗೆ ತೆಗೆಯದಿದ್ದ ಬಾಟಲಿಗಳು ಒಂದೊಂದಾಗಿ ಬಿಸಿಲು ಕಂಡವು. ಪ್ರತಿ ಬಾಟಲಿ ಇಟ್ಟಾಗಲೂ ಜನ "ಓ!" ಎನ್ನುತ್ತಿದ್ದರು. ಕೊನೆಗೆ ಪಾದ್ರಿಗಳು ತಮ್ಮ ಪಾಲಿನ ಒಂದು ಸಣ್ಣ ಬಾಟಲಿ ತಂದಿಟ್ಟರು. ತೊಲೆ ಒಮ್ಮೆ ಕಿರುಗುಟ್ಟಿತು. ಅಷೀಲನ ಪಾದ ಮೆಲ್ಲಗೆ ನೆಲ ಬಿಟ್ಟು ಮೇಲೆದ್ದಿತು. ಅಷ್ಟು ದೊಡ್ಡ ಮನುಷ್ಯ ಗಾಳಿಯಲ್ಲಿ ಮಗುವಿನಂತೆ ತೂಗಾಡುತ್ತಾ ಊರಿನವರ ಮುಖಗಳನ್ನು ನೋಡಿದ. ಅವನ ಕಣ್ಣು ತುಂಬಿ ಬಂತು. ತಲೆಯಿಂದ ಇನ್ನೂ ನೀರು ಇಳಿಯುತ್ತಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಕೆಳಗಿಳಿದವನು ಮೊದಲು ಹೇಳಿದ್ದು ಒಂದೇ ಮಾತು: "ಬಾಟಲಿ ಬಿರಟೆ ತೆಗೆಯೋದು ಯಾರ ಹತ್ರ ಇದೆ?"

ಒಂದು ಬಾಟಲಿಯೂ ಅವನ ಮನೆಗೆ ಹೋಗಲಿಲ್ಲ. ಅಂದು ಮಧ್ಯಾಹ್ನದ ಊಟ ಸಂಜೆಯವರೆಗೆ ನಡೆಯಿತು. ವರ್ಷಗಟ್ಟಲೆ ಒಬ್ಬರ ನೆಲಮಾಳಿಗೆಯ ರುಚಿ ಇನ್ನೊಬ್ಬರು ನೋಡದಿದ್ದ ಅಕ್ಕಪಕ್ಕದವರು ಒಂದೇ ಮೇಜಿನಲ್ಲಿ ಕೂತು ಲೋಟ ಬದಲಾಯಿಸಿಕೊಂಡರು. ಮದಾಂ ಕೊರ್ದಿಯೆ ಹಾಡು ಹೇಳಿದಳು. ಹಾಡುತ್ತಾಳೆಂದು ಅವಳ ಗಂಡನಿಗೂ ತಿಳಿದಿರಲಿಲ್ಲ.

ಮರು ವರ್ಷ ರಸ್ತೆ ಸರಿಯಾಯಿತು, ಪಂದ್ಯದ ಗುರಿ ಮತ್ತೆ ಬೆಟ್ಟದ ತುದಿಗೆ ಹೋಯಿತು, ಫ್ಲಾವಿಯನ್ ಮತ್ತೆ ಗೆದ್ದ. ಆದರೆ ಅದಕ್ಕೂ ಮೊದಲು, ಚಳಿಗಾಲದ ಒಂದು ಬೆಳಿಗ್ಗೆ, ಅಷೀಲ್ ಪೀಪಾಯಿಯ ಒಳಗೆ ಬೆಂಕಿ ಹಾಕಿ ಹಲಗೆ ಬಗ್ಗಿಸುತ್ತಿದ್ದಾಗ ಫ್ಲಾವಿಯನ್ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಒಂದು ಉದ್ದನೆಯ ಹಳೆಯ ಸೈಕಲ್: ಎರಡು ಸೀಟು, ಎರಡು ಜೊತೆ ಪೆಡಲು. ಮಾಕೋನ್ ಸಂತೆಯಲ್ಲಿ ಯಾರೋ ಮಾರುತ್ತಿದ್ದರಂತೆ.

"ಇದೇನೋ ಇದು?" ಎಂದ ಅಷೀಲ್.

"ಹತ್ತೋದು ನನಗೆ ಗೊತ್ತು. ಇಳಿಯೋದು ನಿನಗೆ ಗೊತ್ತು. ಸೋನ್ ನದಿ ಆಚೆಯೋರು ಜೋಡಿ ಸೈಕಲ್ ಪಂದ್ಯ ಇಡ್ತಾರಂತೆ, ಬೇಸಿಗೇಲಿ. ಅವರಿಗೆ ನಮ್ಮ ವಿಷಯ ಏನೂ ಗೊತ್ತಿಲ್ಲ."

ಅಷೀಲ್ ಸುತ್ತಿಗೆ ಕೆಳಗಿಟ್ಟು ಸೈಕಲ್ಲಿನ ಸುತ್ತ ಒಂದು ಸುತ್ತು ಬಂದ. ಹಿಂದಿನ ಸೀಟನ್ನು ಅಂಗೈಯಿಂದ ಒತ್ತಿ ನೋಡಿದ, ಚೈನು ಎಳೆದು ನೋಡಿದ.

"ಬ್ರೇಕು ಯಾರ ಕೈಲಿರತ್ತೆ?"

"ಮುಂದೆ ಕೂತೋನ ಕೈಲಿ. ಅಂದ್ರೆ ನನ್ನ ಕೈಲಿ."

"ಹಂಗಾದ್ರೆ ಮಾತೇ ಬೇಡ, ತಗೊಂಡು ಹೋಗು."

ಅರ್ಧ ದಿನ ಚೌಕಾಸಿ ನಡೆಯಿತು. ಲೆಯೋನಿ ಬಿಸಿ ಸೂಪು ತಂದಿಟ್ಟು ತೀರ್ಪು ಕೊಟ್ಟಳು: ಹತ್ತುವಾಗ ಫ್ಲಾವಿಯನ್ ಮುಂದೆ, ತುದಿಯಲ್ಲಿ ನಿಂತು ಜಾಗ ಬದಲಾಯಿಸಬೇಕು, ಇಳಿಯುವಾಗ ಅಷೀಲ್ ಮುಂದೆ. ಆ ಬೇಸಿಗೆ ನದಿಯಾಚೆಯ ಪಂದ್ಯದಲ್ಲಿ ಅವರು ಜಾಗ ಬದಲಾಯಿಸಲು ನಿಂತಾಗ ನಾಲ್ಕು ಜೋಡಿ ಅವರನ್ನು ದಾಟಿ ಹೋದವಂತೆ, ಕೆಳಗಿಳಿಯುವಷ್ಟರಲ್ಲಿ ಆ ನಾಲ್ಕೂ ಹಿಂದೆ ಬಿದ್ದಿದ್ದವಂತೆ. ಇಳಿಯುವ ಉದ್ದಕ್ಕೂ ಫ್ಲಾವಿಯನ್ ಕಣ್ಣು ಮುಚ್ಚಿ ಅಷೀಲನ ಸೊಂಟ ತಬ್ಬಿಕೊಂಡು "ಅಮ್ಮಾ, ಅಮ್ಮಾ" ಎನ್ನುತ್ತಿದ್ದ ಎಂದು ಅಷೀಲ್ ಹೇಳುತ್ತಾನೆ. ಫ್ಲಾವಿಯನ್ನನನ್ನು ಕೇಳಿದರೆ ಅದು ಸುಳ್ಳು, ತಾನು ಹಾಡು ಹೇಳುತ್ತಿದ್ದೆ ಎನ್ನುತ್ತಾನೆ.